ಸ್ಟಿಯರಿಂಗ್ ಯಾಕೆ ಆಡುತ್ತದೆ?

ಮಕ್ಕಳೇ, ಮುಂದಿನ ಸಲ ತರಕಾರಿ ಪಿಕಪ್ಪಿನಲ್ಲಿ ಡ್ರೈವರಣ್ಣನ ಪಕ್ಕ ಕೂತಾಗ ರಸ್ತೆ ನೋಡಬೇಡಿ, ಅವರ ಕೈ ನೋಡಿ. ರಸ್ತೆ ನೆಟ್ಟಗಿದೆ, ಗಾಡಿಯೂ ನೆಟ್ಟಗೆ ಹೋಗುತ್ತಿದೆ. ಆದರೂ ಆ ಕೈ ಸುಮ್ಮನಿರುವುದಿಲ್ಲ. ಚೂರು ಎಡಕ್ಕೆ, ಚೂರು ಬಲಕ್ಕೆ, ಮತ್ತೆ ಚೂರು ಎಡಕ್ಕೆ, ತೊಟ್ಟಿಲು ತೂಗಿದ ಹಾಗೆ ಸ್ಟಿಯರಿಂಗನ್ನು ತೂಗುತ್ತಲೇ ಇರುತ್ತಾರೆ. ಹೊಸ ಗಾಡಿಯಲ್ಲಿ ಇದು ಇಷ್ಟು ಕಾಣುವುದಿಲ್ಲ. ಹಾಗಾದರೆ ಹಳೆಯ ಗಾಡಿಯಲ್ಲಿ ಕೈ ಯಾಕೆ ಅಷ್ಟು ತೂಗಬೇಕು? ಅವರನ್ನೇ ಕೇಳಿದರೆ, "ಸ್ಟಿಯರಿಂಗು ಸ್ವಲ್ಪ ಆಡ್ತಾದೆ, ಅಷ್ಟೆಯ" ಅಂತಾರೆ. ಆ 'ಸ್ವಲ್ಪ' ಅಂದರೆ ಎಷ್ಟು, ಅದು ಎಲ್ಲಿಂದ ಬಂತು, ಎಷ್ಟಾದರೆ ಭಯಪಡಬೇಕು ಎನ್ನುವುದನ್ನು ನಿಮ್ಮ ಒಂಬತ್ತು-ಹತ್ತನೇ ತರಗತಿಯ ಗಣಿತ, ಭೌತಶಾಸ್ತ್ರದಲ್ಲೇ ಲೆಕ್ಕ ಹಾಕಬಹುದು.

ನಮ್ಮ ತಾಳವಾಡಿ ಕಡೆ ಪಿಕಪ್ ಇಲ್ಲದಿದ್ದರೆ ಕೋಸು, ಟೊಮೇಟೊ ಹೊಲದಲ್ಲೇ ಕೊಳೆಯಬೇಕು. ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ಬಣ್ಣಾರಿ, ಅಲ್ಲಿಂದ ಸತ್ಯಮಂಗಲ. ಪ್ರತಿ ತಿರುವಿನಲ್ಲೂ ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ, ಆಮೇಲೆ ಪೂರ್ತಿ ಇನ್ನೊಂದು ಕಡೆಗೆ. ನಿಮ್ಮೂರಲ್ಲಿ ಹೊರೆ ಬೇರೆ ಇರಬಹುದು. ಕಾಸರಗೋಡಿನವರಿಗೆ ಅಡಿಕೆ, ಜತ್ತದವರಿಗೆ ದಾಳಿಂಬೆ, ಆದೋನಿಯವರಿಗೆ ಹತ್ತಿ. ಗಾಡಿಯ ಜಾತಿ ಅದೇ, ಸವೆಯುವ ಭಾಗಗಳೂ ಅವೇ.

ನಮ್ಮ ಮನೆ ಎದುರಿನ ಪಿಕಪ್ಪಿನ ಕತೆಯಿಂದ ಶುರು ಮಾಡುತ್ತೇನೆ. ತಿರುವಿನಲ್ಲಿ ಮುಂದಿನ ಎಡಚಕ್ರದ ಹತ್ತಿರ 'ಟಕ್' ಅಂತ ಸದ್ದು ಬರುತ್ತಿತ್ತು. ಗಾಡಿಯ ಯಜಮಾನ ಎರಡು ತಿಂಗಳು ಅದನ್ನು ಕೇಳಿಸಿಕೊಂಡೇ ಓಡಿಸಿದ. ಸುಗ್ಗಿ ಕಾಲ, ಗಾಡಿ ನಿಲ್ಲಿಸಿದರೆ ಬಾಡಿಗೆ ಹೋಗುತ್ತದೆ. ಒಂದು ಸಂಜೆ ಕೋಸು ತುಂಬಿ, ಬೆಳಗ್ಗೆ ಹೊರಡಲು ಸುಲಭವಾಗಲಿ ಎಂದು ಗಾಡಿಯನ್ನು ಬೀದಿಯಲ್ಲಿ ಹಿಂದಕ್ಕೆ ತೆಗೆದು ತಿರುಗಿಸುತ್ತಿದ್ದ. 'ಟಕ್' ಬದಲು 'ಟಣ್' ಎಂದಿತು. ಇಳಿದು ನೋಡಿದರೆ ಬಲಚಕ್ರ ನೆಟ್ಟಗೆ, ಎಡಚಕ್ರ ಚರಂಡಿ ಕಡೆ ಮುಖ ಮಾಡಿ ನಿಂತಿತ್ತು. ಎರಡು ಚಕ್ರಗಳನ್ನು ಜೋಡಿಸುವ ಸಲಾಕೆ ನೆಲಕ್ಕೆ ತೂಗಾಡುತ್ತಿತ್ತು. ಇನ್ನು ಹತ್ತು ಗಂಟೆ ತಡೆದಿದ್ದರೆ ಆ 'ಟಣ್' ಘಾಟಿಯಲ್ಲಿ ಕೇಳುತ್ತಿತ್ತು. ಆ ರಾತ್ರಿ ಅವನು ಊಟ ಮಾಡಲಿಲ್ಲ ಎಂದು ಅವನ ಹೆಂಡತಿ ಹೇಳಿದರು.

ಕೈಯಿಂದ ಚಕ್ರದವರೆಗೆ

ಡ್ರೈವರ್ ಹಿಡಿದ ಚಕ್ರಕ್ಕೂ ನೆಲ ಮುಟ್ಟುವ ಚಕ್ರಕ್ಕೂ ನಡುವೆ ಒಂದು ಸರಪಳಿಯೇ ಇದೆ. ಸ್ಟಿಯರಿಂಗ್ ತಿರುಗಿಸಿದರೆ ಒಂದು ಉದ್ದನೆಯ ಕಂಬಿ ತಿರುಗಿ ಸ್ಟಿಯರಿಂಗ್ ಬಾಕ್ಸ್ ಒಳಗೆ ಹೋಗುತ್ತದೆ. ಅಲ್ಲಿ ಹಲ್ಲಿನ ಜೋಡಣೆ. ಸುಮಾರು 20 ಡಿಗ್ರಿ ಒಳಗೆ ಹೋದರೆ 1 ಡಿಗ್ರಿ ಹೊರಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಚಲನೆ ಕಡಿಮೆಯಾದಷ್ಟೂ ಬಲ ಹೆಚ್ಚುತ್ತದೆ. ಸನ್ನೆಯ ಪಾಠದಲ್ಲಿ ಓದಿದ್ದೀರಿ. ಒಂದು ಟನ್ ಹೊರೆ ಹೊತ್ತ ಗಾಡಿಯ ಚಕ್ರವನ್ನು ಮನುಷ್ಯನ ಕೈ ತಿರುಗಿಸುವುದು ಹೀಗೆ. ಪವರ್ ಸ್ಟಿಯರಿಂಗ್ ಇದ್ದರೆ ಎಣ್ಣೆಯ ಒತ್ತಡವೂ ಜೊತೆಗೂಡುತ್ತದೆ, ಆದರೆ ಸರಪಳಿ ಮಾತ್ರ ಇದ್ದೇ ಇರುತ್ತದೆ.

ಬಾಕ್ಸಿನಿಂದ ಹೊರಗೆ ಡ್ರಾಪ್ ಆರ್ಮ್ ಎಂಬ ಗಿಡ್ಡ ತೋಳು ಇಳಿಬಿದ್ದಿರುತ್ತದೆ. ಅದು ಡ್ರ್ಯಾಗ್ ಲಿಂಕ್ ಎಂಬ ಸಲಾಕೆಯನ್ನು ತಳ್ಳುತ್ತದೆ, ಎಳೆಯುತ್ತದೆ. ಡ್ರ್ಯಾಗ್ ಲಿಂಕ್ ಒಂದು ಕಡೆಯ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದಿಂದ ಈ ಚಕ್ರಕ್ಕೆ ಅಡ್ಡಲಾಗಿ ಹೋಗುವ ಸಲಾಕೆಯೇ ಟೈ ರಾಡ್. ನಮ್ಮ ಎದುರುಮನೆಯ ಗಾಡಿಯಲ್ಲಿ ಬಿಚ್ಚಿಕೊಂಡಿದ್ದು ಇದರ ಒಂದು ತುದಿ. ಚಕ್ರ ಕೂತಿರುವ ಸ್ಟಬ್ ಆಕ್ಸಲ್ ಬಾಗಿಲಿನ ಹಾಗೆ ತಿರುಗುತ್ತದೆ. ಬಾಗಿಲಿಗೆ ಕೀಲು ಬೇಕಲ್ಲ? ಕೆಲವು ಗಾಡಿಗಳಲ್ಲಿ ಅದು ಕಿಂಗ್ ಪಿನ್ ಎಂಬ ದಪ್ಪ ಮೊಳೆ, ಕೆಲವದರಲ್ಲಿ ಮೇಲೊಂದು ಕೆಳಗೊಂದು ಬಾಲ್ ಜಾಯಿಂಟ್. ಒಂದೊಂದು ಕಂಪನಿ ಈ ಸಲಾಕೆಗಳನ್ನು ಒಂದೊಂದು ರೀತಿ ಜೋಡಿಸುತ್ತದೆ, ಆದರೆ ತತ್ವ ಬದಲಾಗುವುದಿಲ್ಲ.

ಇಷ್ಟೆಲ್ಲ ಯಾಕೆ, ಎತ್ತಿನ ಗಾಡಿಯ ಹಾಗೆ ಇಡೀ ಅಚ್ಚನ್ನೇ ತಿರುಗಿಸಬಾರದೇ ಎಂದು ಕೇಳಬಹುದು. ಹಿಂದೆ ನಾಲ್ಕು ಚಕ್ರದ ಕುದುರೆ ಗಾಡಿಗಳಲ್ಲಿ ಹಾಗೇ ಮಾಡುತ್ತಿದ್ದರು. ನಡುವಿನ ಒಂದು ಮೊಳೆಯ ಮೇಲೆ ಮುಂದಿನ ಅಚ್ಚು ಪೂರ್ತಿ ತಿರುಗುತ್ತಿತ್ತು. ಹೆಚ್ಚು ತಿರುಗಿಸಿದರೆ ಗಾಡಿ ಮಗುಚುವ ಭಯ. 1817ರಲ್ಲಿ ಮ್ಯೂನಿಕ್‌ನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್, ಅಚ್ಚನ್ನು ಹಾಗೇ ಬಿಟ್ಟು ಎರಡು ಚಕ್ರಗಳನ್ನು ಮಾತ್ರ ಬೇರೆಬೇರೆ ಕೀಲಿನ ಮೇಲೆ ತಿರುಗಿಸುವ ಉಪಾಯ ಕಂಡುಹಿಡಿದ. ಮರುವರ್ಷ ಇಂಗ್ಲೆಂಡಿನಲ್ಲಿ ಅವನ ಪರವಾಗಿ ಪೇಟೆಂಟ್ ಪಡೆದವನು ರುಡಾಲ್ಫ್ ಅಕರ್‌ಮನ್. ಹೆಸರು ಉಳಿದದ್ದು ಇವನದೇ. ಇವತ್ತಿಗೂ ಅದನ್ನು ಅಕರ್‌ಮನ್ ಜ್ಯಾಮಿತಿ ಎನ್ನುತ್ತಾರೆ. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಹೋಗಬೇಕು. ಆದ್ದರಿಂದ ಒಳಗಿನದು ಹೆಚ್ಚು ತಿರುಗಬೇಕು. ಟೈ ರಾಡ್ ಮತ್ತು ಅದಕ್ಕೆ ಸೇರಿದ ಎರಡು ತೋಳುಗಳ ಓರೆಯೇ ಈ ಕೆಲಸವನ್ನು ತಾನಾಗಿ ಮಾಡಿಸುತ್ತದೆ.

ಗುಂಡು ಮತ್ತು ಬಟ್ಟಲು

ಸವೆಯುವುದು ಸಲಾಕೆಯಲ್ಲ, ಅದರ ತುದಿಯ ಕೀಲು. ಟೈ ರಾಡ್ ಎಂಡ್ ಒಂದನ್ನು ಕೈಯಲ್ಲಿ ಹಿಡಿದರೆ ನಿಮ್ಮ ಸೊಂಟದ ಕೀಲೇ ನೆನಪಾಗುತ್ತದೆ. ಒಂದು ಉಕ್ಕಿನ ಗುಂಡು, ಅದನ್ನು ಸುತ್ತ ಹಿಡಿದ ಬಟ್ಟಲು. ಜೀವಶಾಸ್ತ್ರದಲ್ಲಿ ಓದಿದ ಅದೇ ಗುಂಡು-ಬಟ್ಟಲು ಕೀಲು. ಚಕ್ರ ಹಳ್ಳಕ್ಕೆ ಇಳಿದು ಏಳಬೇಕು, ಅದೇ ಹೊತ್ತಿಗೆ ಎಡ-ಬಲ ತಿರುಗಲೂ ಬೇಕು. ಬಾಗಿಲ ಕೀಲಿನಂಥದ್ದು ಒಂದೇ ದಿಕ್ಕಿಗೆ ತಿರುಗುವುದರಿಂದ ಇಲ್ಲಿ ಅದು ಸಾಲದು.

ಗುಂಡಿಗೂ ಬಟ್ಟಲಿಗೂ ನಡುವೆ ಗ್ರೀಸಿನ ತೆಳು ಪದರ. ಹೊರಗೆ ಒಂದು ರಬ್ಬರ್ ಟೋಪಿ. ಗ್ರೀಸ್ ಹೊರಗೆ ಹೋಗದಂತೆ, ನೀರು-ಮಣ್ಣು ಒಳಗೆ ಬರದಂತೆ ಕಾಯುವುದು ಅದರ ಕೆಲಸ. ಈ ಟೋಪಿ ಹರಿದ ದಿನವೇ ಕೀಲಿನ ಆಯಸ್ಸು ಮುಗಿಯಲು ಶುರು. ಒಳಗೆ ಸೇರಿದ ದೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಅವು ಗ್ರೀಸಿನಲ್ಲಿ ಕಲೆತರೆ ಆಗುವುದೇನು? ನಿಮ್ಮಜ್ಜಿ ಕುಡುಗೋಲು ಮಸೆಯಲು ಬೆಣಚುಕಲ್ಲಿನ ಪುಡಿ ಹಾಕುತ್ತಿದ್ದರಲ್ಲ, ಅದೇ. ಜಾರಿಸಬೇಕಾದ ಗ್ರೀಸೇ ಅರಗೊರಸಿನ ಹಾಗೆ ಅರೆಯತೊಡಗುತ್ತದೆ.

ಇನ್ನೊಂದು ವಿಷಯವಿದೆ, ಇದು ನನಗೆ ತುಂಬ ದಿನ ಹೊಳೆದಿರಲಿಲ್ಲ. ಸವೆತ ಸಮವೇಗದಲ್ಲಿ ಹೋಗುವುದಿಲ್ಲ. ಕೀಲು ಬಿಗಿಯಾಗಿರುವವರೆಗೂ ಗುಂಡು ಬಟ್ಟಲಿನಲ್ಲಿ ಜಾರುತ್ತದೆ, ಅಷ್ಟೆ. ಒಮ್ಮೆ ಅರ್ಧ ಮಿಲಿಮೀಟರ್ ಸಂದಿ ಬಿತ್ತೋ, ಪ್ರತಿ ಗುಂಡಿಯಲ್ಲೂ ಗುಂಡು ಆ ಸಂದಿಯನ್ನು ಹಾರಿ ಬಟ್ಟಲಿಗೆ ಬಡಿಯುತ್ತದೆ. ಜಾರುವ ಕಡೆ ಹೊಡೆತ ಬಿದ್ದ ಹಾಗಾಯಿತು. ಹೊಡೆತದಿಂದ ಸಂದಿ ದೊಡ್ಡದಾಗುತ್ತದೆ, ಸಂದಿ ದೊಡ್ಡದಾದಷ್ಟೂ ಹೊಡೆತ ಜೋರಾಗುತ್ತದೆ. ಗುದ್ದಲಿಯ ಕಾವು ಸಡಿಲವಾದದ್ದನ್ನು ನೋಡಿದ್ದೀರಲ್ಲ? ಮೊದಲ ಸಡಿಲಕ್ಕೆ ವರ್ಷ ಬೇಕು. ಆಮೇಲೆ ಒಂದೇ ವಾರದಲ್ಲಿ ಗುದ್ದಲಿ ಹಾರಿ ಹೋಗುತ್ತದೆ. ಆದ್ದರಿಂದಲೇ "ಇಷ್ಟು ದಿನ ಓಡಿದೆ, ಇನ್ನೂ ಓಡುತ್ತದೆ" ಎನ್ನುವ ತರ್ಕ ಇಲ್ಲಿ ಹೊಂದುವುದಿಲ್ಲ. ಎದುರುಮನೆಯವನ 'ಟಕ್' ಸದ್ದು ಆ ಹೊಡೆತದ್ದೇ.

'ಸ್ವಲ್ಪ' ಎಂದರೆ ಎಷ್ಟು?

ಈಗ ಲೆಕ್ಕ. ಸ್ಟಿಯರಿಂಗ್ ಚಕ್ರದ ವ್ಯಾಸ 40 ಸೆಂ.ಮೀ. ಇರಲಿ, ಅಂದರೆ ತ್ರಿಜ್ಯ 20 ಸೆಂ.ಮೀ. ಗಾಡಿ ನೆಟ್ಟಗೆ ನಿಂತಿದೆ. ಬೆರಳಿನಿಂದ ಮೆಲ್ಲಗೆ ಅತ್ತಿತ್ತ ಆಡಿಸಿದಾಗ ಮುಂದಿನ ಚಕ್ರ ಅಲುಗದೆ ಸ್ಟಿಯರಿಂಗ್ ಅಂಚು ಒಟ್ಟು 6 ಸೆಂ.ಮೀ. ಆಡಿತು ಎಂದುಕೊಳ್ಳಿ. ನಡುವಿನಿಂದ ಒಂದೊಂದು ಕಡೆಗೆ 3 ಸೆಂ.ಮೀ. ಕೋನ ಎಷ್ಟು? ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿ: 3/20 = 0.15 ರೇಡಿಯನ್. ಬಾಕ್ಸ್ ಅದನ್ನು 20ರಿಂದ ಭಾಗಿಸುತ್ತದೆ, ಉಳಿದದ್ದು 0.0075 ರೇಡಿಯನ್. ಅರ್ಧ ಡಿಗ್ರಿಯೂ ಇಲ್ಲ. "ಇಷ್ಟೇನಾ?" ಅನ್ನಿಸುತ್ತದೆ.

ಮುಂದಿನ ಚಕ್ರ ಅಷ್ಟು ಓರೆಯಾದರೆ ಗಾಡಿ ಒಂದು ದೊಡ್ಡ ವೃತ್ತದಲ್ಲಿ ಹೋಗುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ಅಂತರವನ್ನು ಈ ಕೋನದಿಂದ ಭಾಗಿಸಿದರೆ ಆ ವೃತ್ತದ ತ್ರಿಜ್ಯ ಸಿಗುತ್ತದೆ. ಅಂತರ 3 ಮೀಟರ್ ಎಂದರೆ, 3/0.0075 = 400 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16.7 ಮೀಟರ್ ಹೋಗುತ್ತದೆ. ವೃತ್ತದಲ್ಲಿ ಹೋಗುವಾಗ ನೇರಗೆರೆಯಿಂದ ಎಷ್ಟು ಪಕ್ಕಕ್ಕೆ ಸರಿಯಿತು ಎನ್ನಲು, ಹೋದ ದೂರದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಬೇಕು. ಒಂದು ಸೆಕೆಂಡಿಗೆ ಸುಮಾರು 35 ಸೆಂ.ಮೀ. ಎರಡು ಸೆಕೆಂಡಿಗೆ ದೂರ ಎರಡರಷ್ಟು, ಆದ್ದರಿಂದ ಪಕ್ಕದ ಸರಿತ ನಾಲ್ಕರಷ್ಟು: ಸುಮಾರು 1.4 ಮೀಟರ್. ಎದುರಿನಿಂದ ಬಸ್ಸು ಬರುವ ರಸ್ತೆಯಲ್ಲಿ 1.4 ಮೀಟರ್ ಅಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಈ 6 ಸೆಂ.ಮೀ. ಒಳಗೆ ಚಕ್ರ ಯಾವ ಕಡೆ ವಾಲಿದೆ ಎಂಬುದು ಕೈಗೆ ಗೊತ್ತೇ ಆಗುವುದಿಲ್ಲ. ರಸ್ತೆಯ ಇಳಿಜಾರು, ಗಾಳಿ, ಹಳ್ಳ ಎಲ್ಲಿಗೆ ತಳ್ಳಿದರೆ ಅಲ್ಲಿಗೆ. ಡ್ರೈವರಣ್ಣ ಸ್ಟಿಯರಿಂಗನ್ನು ತೂಗುತ್ತಲೇ ಇರುವುದು, ಗಾಡಿ ತಪ್ಪುವ ಮೊದಲೇ ತಡೆದು ತಡೆದು ವಾಪಸು ತರಲು. ಅದು ದಣಿವಿನ ಕೆಲಸ. ಹೊಸದಾಗಿ ಆ ಗಾಡಿ ಹಿಡಿದವನಿಗೆ ಆ ಅಭ್ಯಾಸವೂ ಇರುವುದಿಲ್ಲ.

ಅದೇ ಗಾಡಿ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ? ನೀವೇ ಮಾಡಿ ನೋಡಿ, ಎರಡು ಸೆಕೆಂಡಿಗೆ 15 ಸೆಂ.ಮೀ. ಚಿಲ್ಲರೆ ಬರಬೇಕು. ವೇಗ ಮೂರರಷ್ಟಾದರೆ ಸರಿತ ಒಂಬತ್ತರಷ್ಟು. ಊರೊಳಗೆ "ಚೆನ್ನಾಗೇ ಓಡ್ತಾದೆ" ಎನಿಸುವ ಗಾಡಿ ಹೆದ್ದಾರಿಯಲ್ಲಿ ಹೆದರಿಸುವುದು ಈ ವರ್ಗದಿಂದಲೇ.

ಕಾನೂನು ಏನು ಹೇಳುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದಂತೆ ಸ್ಟಿಯರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದು. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಲೇಬೇಕು ಎಂಬುದನ್ನೂ ಅದೇ ನಿಯಮ ಹೇಳುತ್ತದೆ. ನಮ್ಮ 6 ಸೆಂ.ಮೀ. ಎಷ್ಟು ಡಿಗ್ರಿ? 0.3 ರೇಡಿಯನ್, ಅಂದರೆ ಸುಮಾರು 17. ಕಾನೂನಿನ ಲೆಕ್ಕದಲ್ಲಿ ಪಾಸು! ಹಾಗೆಂದು ಅಷ್ಟು ಆಡುವ ಗಾಡಿಯಲ್ಲಿ ನನ್ನ ಮಕ್ಕಳನ್ನು ಘಾಟಿ ಇಳಿಯಲು ನಾನು ಕಳಿಸುವುದಿಲ್ಲ. 30 ಡಿಗ್ರಿ ಎನ್ನುವುದು ದಾಟಿದರೆ ಅಪರಾಧ ಎನ್ನುವ ಗೆರೆ. ಅದರ ಈಚೆ ಇದ್ದ ಮಾತ್ರಕ್ಕೆ ಗಾಡಿ ಗಟ್ಟಿಯಾಗಿದೆ ಎಂದು ಅರ್ಥವಲ್ಲ.

ಟೈರು ಹೇಳುವ ಸಾಕ್ಷಿ

ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಟೈ ರಾಡಿನ ಉದ್ದವೇ ಇದನ್ನು ನಿರ್ಧರಿಸುವುದು. ಅದರ ತುದಿಯಲ್ಲಿ 1 ಮಿ.ಮೀ. ಸವೆತ ಬಿದ್ದರೆ ಏನಾಗುತ್ತದೆ? ಟೈ ರಾಡ್ ಹಿಡಿದ ತೋಳು ಸುಮಾರು 150 ಮಿ.ಮೀ. ಉದ್ದ ಎಂದುಕೊಂಡರೆ ಎರಡು ಚಕ್ರಗಳ ನಡುವೆ 1/150 ರೇಡಿಯನ್ ಓರೆ. 700 ಮಿ.ಮೀ. ವ್ಯಾಸದ ಟೈರುಗಳ ಮುಂಭಾಗದ ಅಂತರಕ್ಕೂ ಹಿಂಭಾಗದ ಅಂತರಕ್ಕೂ 700/150, ಅಂದರೆ ಸುಮಾರು 4.7 ಮಿ.ಮೀ. ವ್ಯತ್ಯಾಸ. ಈ ಓರೆಯನ್ನು ಎರಡು ಚಕ್ರ ಹಂಚಿಕೊಂಡರೆ ಒಂದೊಂದಕ್ಕೂ 1/300. ಹೀಗೆ ಓರೆಯಾದ ಚಕ್ರ ಒಂದು ಕಿಲೋಮೀಟರ್ ಉರುಳಿದರೆ ಜೊತೆಗೆ ಸುಮಾರು 3.3 ಮೀಟರ್ ಪಕ್ಕಕ್ಕೂ ಎಳೆಯಲ್ಪಡುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ? 33 ಕಿಲೋಮೀಟರ್! ರಬ್ಬರು ಸ್ವಲ್ಪ ಬಾಗಿ ಸಹಿಸಿಕೊಳ್ಳುವುದರಿಂದ ಪೂರ್ತಿ ಅಷ್ಟೂ ಜಾರುವುದಿಲ್ಲ, ಆದರೂ ಟೈರು ತೇಯುವುದು ಖಂಡಿತ.

ಹೀಗೆ ತೇದ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಆಡಿಸಿ ನೋಡಿ. ನಿಂತ ಗಾಡಿ, ಬಿಸಿಯಾರಿದ ಟೈರು ಆಗಿರಲಿ. ಒಂದು ದಿಕ್ಕಿಗೆ ನುಣುಪು, ವಾಪಸು ಬರುವಾಗ ತರಚುತ್ತದೆ. ಜೋಳದ ಗರಿಯ ಅಂಚನ್ನು ಬುಡದಿಂದ ತುದಿಗೆ ಸವರಿದರೆ ಒಂದು ಥರ, ತುದಿಯಿಂದ ಬುಡಕ್ಕೆ ಸವರಿದರೆ ಇನ್ನೊಂದು ಥರ, ಅದೇ ಅನುಭವ. ಚಕ್ರಗಳ ಮುಂಭಾಗ ಒಳಕ್ಕೆ ಕೂಡಿದ್ದರೆ ಟೈರಿನ ಹೊರ ಅಂಚು ಮೊದಲು ಸವೆಯುತ್ತದೆ, ಮುಂಭಾಗ ಹೊರಕ್ಕೆ ಬಿರಿದಿದ್ದರೆ ಒಳ ಅಂಚು. ಹೊಸ ಟೈರು ಹಾಕಿಸಿ ಹಳೆಯ ಕೀಲನ್ನು ಹಾಗೇ ಬಿಡುವವರಿದ್ದಾರೆ. ಅದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಇನ್ನೊಂದು ಲಕ್ಷಣ ನಡುಕ. ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಅಥವಾ ಹಳ್ಳ ದಾಟಿದಾಗ ಮುಂದಿನ ಚಕ್ರಗಳು ಎಡ-ಬಲ ಜೋರಾಗಿ ಒದರಿ, ಸ್ಟಿಯರಿಂಗ್ ಕೈಯಲ್ಲೇ ಕುಣಿಯತೊಡಗುತ್ತದೆ. ಅನುರಣನೆ ಎಂಬ ಪದ ಓದಿರುತ್ತೀರಿ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಾಟದಲ್ಲೂ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. ಬಿಗಿಯಾದ ಕೀಲುಗಳು ಈ ಅಲುಗಾಟವನ್ನು ಹುಟ್ಟಿದಲ್ಲೇ ಅಡಗಿಸುತ್ತವೆ. ಸಡಿಲವಾದವು ಆಡಲು ಜಾಗ ಕೊಡುತ್ತವೆ. ಆಗ ಮಾಡಬೇಕಾದ್ದು ಒಂದೇ: ಸ್ಟಿಯರಿಂಗ್ ಗಟ್ಟಿ ಹಿಡಿದು ಮೆಲ್ಲಗೆ ವೇಗ ಇಳಿಸುವುದು. ವೇಗ ಇಳಿದರೆ ಲಯ ತಪ್ಪಿ ನಡುಕ ನಿಲ್ಲುತ್ತದೆ.

ಯಾವುದು ಸವೆದಿದೆ?

ಎದುರುಮನೆಯ ಗಾಡಿ ನೋಡಲು ಬಂದ ಮೆಕ್ಯಾನಿಕ್ ಶಾಲೆ ಬಿಟ್ಟದ್ದು ಎಂಟನೇ ತರಗತಿಗೆ. ಆದರೆ ಅವನು ಹುಡುಕಿದ ರೀತಿ ನಾನು ನೋಡಿದ ಒಳ್ಳೆಯ ಪ್ರಯೋಗಗಳಲ್ಲಿ ಒಂದು. ಟೈ ರಾಡ್ ಒಂದನ್ನು ಹಾಕಿ ಹೋಗಬಹುದಿತ್ತು. "ಒಂದು ಓಯ್ತು ಅಂದ್ರೆ ಮಿಕ್ಕವೂ ಅದೇ ವಯಸ್ಸಿನವು ಕಣ ಮೇಷ್ಟ್ರೆ" ಎಂದು ಪೂರ್ತಿ ಸರಪಳಿ ನೋಡಿದ.

ಮೊದಲು ಚಕ್ರಗಳು ನೆಲದ ಮೇಲೇ ಇರುವಾಗ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಒಬ್ಬರಿಗೆ ಸ್ಟಿಯರಿಂಗನ್ನು ಚಿಕ್ಕದಾಗಿ ಅತ್ತಿತ್ತ ಆಡಿಸಲು ಹೇಳಿದ. ತಾನು ಕೆಳಗೆ ಒಂದೊಂದೇ ಕೀಲಿನ ಮೇಲೆ ಅಂಗೈ ಇಟ್ಟ. "ಕಣ್ಣಿಗೆ ಕಾಣ್ದು, ಕೈ ಮಡಗಿದ್ರೆ ಗೊತ್ತಾಯ್ತದೆ." ಕೀಲಿನ ಈಚೆಯ ಭಾಗ ಅಲುಗಿ, ಆಚೆಯ ಭಾಗ ಒಂದು ಚಣ ತಡೆದು ಅಲುಗಿದರೆ ಸಂದಿ ಅಲ್ಲೇ. ಬಾಕ್ಸಿಗೆ ಹೋಗುವ ಕಂಬಿ ತಿರುಗಿಯೂ ಡ್ರಾಪ್ ಆರ್ಮ್ ಅಲುಗದಿದ್ದರೆ ಬಾಕ್ಸಿನೊಳಗಿನ ಹಲ್ಲು ಸವೆದಿದೆ. ಡ್ರಾಪ್ ಆರ್ಮ್ ಅಲುಗಿ ಡ್ರ್ಯಾಗ್ ಲಿಂಕ್ ತಡೆದರೆ ಅವೆರಡರ ನಡುವಿನ ಕೀಲು. ಮನೆಯಲ್ಲಿ ಕರೆಂಟು ಹೋದಾಗ ಲೈನ್‌ಮನ್ ಮೀಟರಿನಿಂದ ಶುರು ಮಾಡಿ ಒಂದೊಂದೇ ಕಡೆ ಟೆಸ್ಟರ್ ಇಡುತ್ತಾನಲ್ಲ, ಅದೇ ಕ್ರಮ.

ಆಮೇಲೆ ಜಾಕಿ ಕೊಟ್ಟು ಮುಂದಿನ ಚಕ್ರ ಎತ್ತಿದ. ಕೆಳಗೆ ದಪ್ಪ ಮರದ ದಿಮ್ಮಿ ಸೇರಿಸಿದ ಮೇಲೇ ಕೈ ಹಾಕಿದ. ಇದನ್ನು ನೀವು ನೆನಪಿಡಬೇಕು. ಜಾಕಿ ಎತ್ತಲು ಮಾತ್ರ, ಹೊತ್ತು ನಿಲ್ಲಲು ಅಲ್ಲ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ದೊಡ್ಡವರೂ ನುಗ್ಗಬಾರದು, ನೀವಂತೂ ಯಾವ ಗಾಡಿಯ ಕೆಳಗೂ ಹೋಗಬೇಡಿ. ದೂರ ನಿಂತು ನೋಡಿದರೂ ಎಲ್ಲ ಕಾಣುತ್ತದೆ.

ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಿಸಿದರೆ ಮುಖ್ಯವಾಗಿ ಟೈ ರಾಡ್ ತುದಿಗಳ ಆಟ ಸಿಗುತ್ತದೆ. 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಟ ಕಂಡರೆ ಎರಡು ಅನುಮಾನ: ಚಕ್ರದ ಬೇರಿಂಗ್ ಇರಬಹುದು, ಇಲ್ಲವೇ ಕಿಂಗ್ ಪಿನ್ ಇಲ್ಲವೇ ಬಾಲ್ ಜಾಯಿಂಟ್. ಬೇರೆ ಮಾಡುವುದು ಹೇಗೆ? ಇಲ್ಲಿ ನಮ್ಮ ಮೆಕ್ಯಾನಿಕ್ ಒಳಗೆ ಕೂತವರಿಗೆ, "ಬ್ರೇಕ್ ತುಳೀರಿ" ಎಂದ. ಬ್ರೇಕ್ ಹಾಕಿದರೆ ಚಕ್ರವೂ ಸ್ಟಬ್ ಆಕ್ಸಲೂ ಒಂದೇ ತುಂಡಿನ ಹಾಗೆ ಬಿಗಿದುಕೊಳ್ಳುತ್ತವೆ. ಬೇರಿಂಗಿನ ಆಟ ಮಾಯವಾಗುತ್ತದೆ. ಆದರೂ ಅಲುಗಿದರೆ ತಪ್ಪು ಕಿಂಗ್ ಪಿನ್ನಿನದು. ಒಂದು ಚರಾಂಶವನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಪರೀಕ್ಷಿಸುವುದು ಎಂದು ನಾನು ತರಗತಿಯಲ್ಲಿ ಹತ್ತು ನಿಮಿಷ ವಿವರಿಸುತ್ತೇನೆ. ಅವನಿಗೆ ಎರಡು ಶಬ್ದ ಸಾಕಾಯಿತು.

ಬಿಚ್ಚುವುದು, ಹಾಕುವುದು

ಟೈ ರಾಡ್ ಎಂಡಿನ ಮೊಳೆ ತೋಳಿನ ತೂತಿನಲ್ಲಿ ಕೂರುವುದು ಓರೆಯಾಗಿ, ಬಾಟಲಿಯ ಬಿರಡೆಯಂತೆ ಒಂದು ಕಡೆ ಸಣ್ಣಗಾಗುತ್ತಾ. ನಟ್ಟು ಬಿಗಿದಷ್ಟೂ ಮೊಳೆ ತೂತಿಗೆ ಕಚ್ಚಿಕೊಳ್ಳುತ್ತದೆ. ಓರೆ ತುಂಬ ಕಡಿಮೆ ಇರುವುದರಿಂದ ನಟ್ಟು ತೆಗೆದರೂ ಘರ್ಷಣೆಯೇ ಅದನ್ನು ಹಿಡಿದಿಡುತ್ತದೆ. ಸೌದೆ ಸೀಳುವಾಗ ಬಡಿದ ಬೆಣೆ ಹಿಂದಕ್ಕೆ ಜಾರದೆ ಕೂತಿರುವುದೂ ಇದೇ ಕಾರಣಕ್ಕೆ. ಹಾಗಾದರೆ ಬಿಡಿಸುವುದು ಹೇಗೆ? ಅದಕ್ಕೇ ಎಂದು ಪುಲ್ಲರ್ ಸಿಗುತ್ತದೆ. ನಮ್ಮ ಮೆಕ್ಯಾನಿಕ್ ಮಾಡಿದ್ದು ಬೇರೆ. ಮೊಳೆಗೆ ಹೊಡೆಯಲಿಲ್ಲ, ಹೊಡೆದರೆ ಅದರ ಮರೆ ಹಾಳು. ತೋಳಿನ ತೂತಿರುವ ದಪ್ಪ ತಲೆಯ ಒಂದು ಪಕ್ಕ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಎರಡೇ ಏಟು. ಟಪ್ ಎಂದು ಬಿತ್ತು. ಏಟಿಗೆ ತೂತು ಒಂದು ಕ್ಷಣ ದುಂಡಗಿದ್ದದ್ದು ಅಂಡಾಕಾರವಾಗುತ್ತದೆ, ಹಿಡಿತ ತಪ್ಪುತ್ತದೆ, ಮರುಕ್ಷಣ ಉಕ್ಕು ತನ್ನ ಆಕಾರಕ್ಕೆ ಮರಳುತ್ತದೆ. ಸ್ಥಿತಿಸ್ಥಾಪಕತ್ವ ಎಂದರೆ ರಬ್ಬರಿನದು ಮಾತ್ರ ಎಂದುಕೊಂಡವರು ಇದನ್ನು ನೋಡಬೇಕು.

ಹಳೆಯ ತುದಿಯನ್ನು ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಎಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿದ. ಟೈ ರಾಡಿನ ಒಂದು ತುದಿಯ ಮರೆ ಬಲಗೈಯದು, ಇನ್ನೊಂದು ಎಡಗೈಯದು. ಆದ್ದರಿಂದ ಸಲಾಕೆಯನ್ನು ಒಂದು ಸುತ್ತು ತಿರುಗಿಸಿದರೆ ಎರಡೂ ತುದಿ ಒಟ್ಟಿಗೆ ಹೊರಕ್ಕೆ ಹೋಗುತ್ತವೆ ಅಥವಾ ಒಳಕ್ಕೆ ಬರುತ್ತವೆ. ಮರೆಯ ಒಂದು ಹೆಜ್ಜೆ 1.5 ಮಿ.ಮೀ. ಇದ್ದರೆ ಒಂದು ಸುತ್ತಿಗೆ 3 ಮಿ.ಮೀ. ಮೇಲಿನ ಲೆಕ್ಕದಂತೆ ಅದು ಟೈರುಗಳ ನಡುವೆ 14 ಮಿ.ಮೀ. ವ್ಯತ್ಯಾಸ ತರುತ್ತದೆ! ಅರ್ಧ ಸುತ್ತು ತಪ್ಪಿದರೂ ಟೈರು ತಿನ್ನುತ್ತದೆ. ಆದ್ದರಿಂದ ಎಣಿಸಿ ಹಾಕಿದ ಮೇಲೂ ಅಳೆಯಲೇಬೇಕು.

ಕೊನೆಗೆ ಕಿರೀಟದಂಥ ನಟ್ಟು, ಅದರ ಸೀಳಿನಲ್ಲಿ ಹೊಸ ಕಾಟರ್ ಪಿನ್. ಪಿನ್ನಿನ ತೂತು ಸೀಳಿಗೆ ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಹೊಂದಿಸಬೇಕು, ಸಡಿಲಿಸಿ ಅಲ್ಲ. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಬಗ್ಗಿಸಿದ ಜಾಗದಲ್ಲೇ ಮುರಿಯುತ್ತದೆ. ತಂತಿಯನ್ನು ಹತ್ತು ಸಲ ಬಗ್ಗಿಸಿ ಮುರಿಯುವ ಆಟ ಆಡಿದವರಿಗೆ ಕಾರಣ ಗೊತ್ತು.

ಇಲ್ಲಿ ಎರಡು ಅಡ್ಡದಾರಿಗಳ ಬಗ್ಗೆ ಹೇಳಲೇಬೇಕು. ಸ್ಟಿಯರಿಂಗ್ ಬಾಕ್ಸಿನ ಮೇಲೆ ಹಲ್ಲುಗಳ ಬಿಗಿ ಹೊಂದಿಸುವ ಒಂದು ಸ್ಕ್ರೂ ಇರುತ್ತದೆ. ಕೀಲು ಸವೆದು ಆಡುವ ಗಾಡಿಗೂ ಕೆಲವರು ಅದನ್ನೇ ಬಿಗಿದು "ಟೈಟ್ ಮಾಡಿಕೊಟ್ಟೆ" ಎಂದು ದುಡ್ಡು ತೆಗೆದುಕೊಳ್ಳುತ್ತಾರೆ. ಆಟ ಕಡಿಮೆಯಾದಂತೆ ಕಾಣುತ್ತದೆ. ನಿಜವಾಗಿ ಆಗಿದ್ದೇನೆಂದರೆ, ಕೀಲಿನ ಸಂದಿ ಹಾಗೇ ಉಳಿಯಿತು, ಒಳ್ಳೆಯ ಹಲ್ಲುಗಳು ಒಂದಕ್ಕೊಂದು ತಿಕ್ಕತೊಡಗಿದವು. ಅತಿಯಾಗಿ ಬಿಗಿದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗೆ ಬರುವುದೂ ನಿಲ್ಲುತ್ತದೆ. ಎರಡನೆಯದು ಕೀಲಿಗೆ ವೆಲ್ಡಿಂಗ್ ಹೊಡೆಸುವುದು. ಆ ಉಕ್ಕಿಗೆ ಗಟ್ಟಿತನ ಬಂದದ್ದು ಲೆಕ್ಕ ಹಾಕಿ ಕಾಸಿ ತಣಿಸಿದ್ದರಿಂದ. ವೆಲ್ಡಿಂಗಿನ ಬಿಸಿ ಅದನ್ನು ಕೆಡಿಸುತ್ತದೆ, ಬೆಸುಗೆಯ ಪಕ್ಕದಲ್ಲೇ ಹೇಳದೆ ಕೇಳದೆ ಬಿರುಕು ಬಿಡಬಹುದು. ಹೊಸ ಟೈ ರಾಡ್ ಎಂಡಿನ ಬೆಲೆ ಒಂದು ಟೈರಿನ ಬೆಲೆಯ ಮುಂದೆ ಏನೂ ಅಲ್ಲ.

ಸೀಮೆಸುಣ್ಣದ ಅಳತೆ

ಪೇಟೆಯಲ್ಲಿ ಚಕ್ರ ಹೊಂದಿಸಲು ಕಂಪ್ಯೂಟರ್ ಯಂತ್ರಗಳಿವೆ. ಅಲ್ಲಿಗೆ ತಲುಪುವ ತನಕ ಗಾಡಿ ಓಡಬೇಕಲ್ಲ. ನಮ್ಮ ಮೆಕ್ಯಾನಿಕ್ ನನ್ನ ಜೇಬಿನ ಸೀಮೆಸುಣ್ಣ ಕೇಳಿ ಪಡೆದ. ಎರಡೂ ಮುಂಚಕ್ರಗಳ ಹಿಂಬದಿಯಲ್ಲಿ, ಅಚ್ಚಿನಷ್ಟೇ ಎತ್ತರದಲ್ಲಿ, ಟೈರಿನ ನಡುವೆ ಒಂದೊಂದು ಗೆರೆ ಎಳೆದ. ಗೆರೆಯಿಂದ ಗೆರೆಗೆ ಟೇಪು ಹಿಡಿದು ಅಳೆದೆವು. ಆಮೇಲೆ ಗಾಡಿಯನ್ನು ಮುಂದಕ್ಕೆ ತಳ್ಳಿ, ಚಕ್ರ ಅರ್ಧ ಸುತ್ತು ಉರುಳಿ ಅದೇ ಗೆರೆಗಳು ಮುಂಬದಿಗೆ ಬಂದಾಗ ಮತ್ತೆ ಅಳೆದೆವು. ವ್ಯತ್ಯಾಸವೇ ಚಕ್ರಗಳ ಓರೆ. "ಮುಂದೆ ಬೇರೆ ಗೆರೆ ಎಳೆದು ಅಳೆದರೆ ತಳ್ಳುವ ಕೆಲಸ ಉಳಿಯುತ್ತಿತ್ತಲ್ಲ?" ಎಂದು ನಾನು ಕೇಳಿದೆ. ಅವನು ನಕ್ಕ. ರಿಮ್ಮು ಒಂದು ಕಡೆ ಚೂರು ಬಗ್ಗಿದ್ದರೆ? ಒಂದೇ ಗೆರೆಯನ್ನು ಹಿಂದಕ್ಕೂ ಮುಂದಕ್ಕೂ ಬಳಸಿದರೆ ಆ ದೋಷ ಎರಡೂ ಅಳತೆಯಲ್ಲಿ ಸಮವಾಗಿ ಸೇರಿ, ಕಳೆದಾಗ ಹೋಗುತ್ತದೆ. ಬಿಜಗಣಿತ ಕಲಿಸುವ ಮೇಷ್ಟ್ರಿಗೆ ಇದು ಹೊಳೆದಿರಲಿಲ್ಲ.

ಕಿಂಗ್ ಪಿನ್ನಿಗೆ ಗ್ರೀಸ್ ಗನ್ನಿನಿಂದ ಗ್ರೀಸ್ ಹೊಡೆಯುವಾಗಲೂ ಚಕ್ರವನ್ನು ಎತ್ತಿ ಇಟ್ಟಿದ್ದ. ಭಾರ ಇಳಿದಾಗ ಒತ್ತಿಕೊಂಡಿದ್ದ ಮುಖಗಳು ಸಡಿಲಿ ಗ್ರೀಸ್ ಒಳಹೋಗುತ್ತದೆ. ಹೊಸ ಟೈ ರಾಡ್ ಎಂಡುಗಳಲ್ಲಿ ಕೆಲವಕ್ಕೆ ಗ್ರೀಸ್ ನಿಪ್ಪಲ್ಲೇ ಇರುವುದಿಲ್ಲ, ಒಳಗೆ ತುಂಬಿ ಮುಚ್ಚಿದ್ದೇ ಕೊನೆತನಕ. ಅಂಥದ್ದಕ್ಕೆ ರಬ್ಬರ್ ಟೋಪಿಯೇ ಪ್ರಾಣ.

ಬಿಚ್ಚಿದ ಹಳೆಯ ಕೀಲನ್ನು ನಾನು ಶಾಲೆಗೆ ತಂದೆ. ಬಟ್ಟಲನ್ನು ಗರಗಸದಿಂದ ಸೀಳಿಸಿದಾಗ ಒಳಗೆ ಗ್ರೀಸ್ ಇರಲಿಲ್ಲ, ಕೆಂಪು ಮಣ್ಣಿನ ಗಟ್ಟಿ ಹೆಂಟೆ ಇತ್ತು. ಹತ್ತನೇ ತರಗತಿಯವರು ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಗುಂಡನ್ನು ಅಳೆದರು. ಒಂದು ದಿಕ್ಕಿನಲ್ಲಿ 26.9 ಮಿ.ಮೀ., ಅದಕ್ಕೆ ಲಂಬವಾಗಿ 25.4. ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ಬಟ್ಟಲಿನ ಬಾಯಿಯಂತೂ ಇನ್ನೂ ಅಗಲಕ್ಕೆ ಹೋಗಿ ಒಂದು ಕಡೆ ಬ್ಲೇಡಿನಂತೆ ತೆಳುವಾಗಿತ್ತು. ಗುಂಡು ಜಾರಿ ಹೊರಬಂದದ್ದು ಅಲ್ಲಿಂದಲೇ. ಹರಿದ ಟೋಪಿಯೊಂದಿಗೆ ಅದು ಈಗ ಪ್ರಯೋಗಾಲಯದ ಬೀರುವಿನಲ್ಲಿ, ಲಿಟ್ಮಸ್ ಕಾಗದದ ಡಬ್ಬಿಯ ಪಕ್ಕ ಇದೆ. ಎದುರುಮನೆಯವನು ಮಗಳನ್ನು ಶಾಲೆಗೆ ಬಿಡಲು ಬಂದಾಗ ಒಮ್ಮೊಮ್ಮೆ ಒಳಗೆ ಬಂದು ಅದನ್ನು ಕೈಯಲ್ಲಿ ಹಿಡಿದು ನೋಡಿ ಹೋಗುತ್ತಾನೆ.